ಒಂದು ಬೊಗಸೆ ನೀರು

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಸ್ಟಾಫ್ ರೂಮಿನ ಮೇಜಿನ ಮೇಲೆ ಪ್ರವೇಶದ ಅರ್ಜಿಗಳ ರಾಶಿ ಬೀಳುತ್ತದೆ. ಕ್ರೈಸ್ತ ಮನೆಗಳಿಂದ ಬಂದ ಕೆಲವು ಅರ್ಜಿಗಳ ಹಿಂದೆ ಜನನ ಪತ್ರದ ಜೊತೆಗೆ ಚರ್ಚಿನವರು ಕೊಟ್ಟ ದೀಕ್ಷಾಸ್ನಾನದ ಪತ್ರವೂ ಇರುತ್ತದೆ. ಒಂದು ಸಲ ಅಂಥ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ನಮ್ಮ ಗಣಿತದ ಟೀಚರು, "ಅಲ್ರೀ ಟೀಚರ್, ಇದು ನಮ್ಮ ತೊಟ್ಟಿಲದಾಗ ಹಾಕಿ ಹೆಸರಿಡತೀವಲ್ಲ, ಹಂಗ ಏನ್ರೀ?" ಎಂದು ಕೇಳಿದರು. "ಹಂಗ ಅಂದ್ಕೋರಿ" ಎಂದು ನಾನು ಮುಂದಿನ ಅರ್ಜಿಗೆ ಕೈ ಹಾಕಿದೆ. ಕೆಲಸ ಬಹಳವಿತ್ತು ಎಂಬುದು ನೆಪ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಹೊರಟರೆ ನಾನು ಬಹಳ ವರ್ಷಗಳಿಂದ ಮುಚ್ಚಿಟ್ಟುಕೊಂಡಿದ್ದ ಒಂದು ಮಾತಿನ ಹತ್ತಿರ ಹೋಗಬೇಕಾಗುತ್ತಿತ್ತು.

ದೀಕ್ಷಾಸ್ನಾನದಲ್ಲಿ ಹೆಸರಿಡುವುದೂ ಸೇರಿದೆ ನಿಜ. ಭಾನುವಾರದ ಆರಾಧನೆಯ ನಡುವೆ ತಂದೆತಾಯಿ ಮಗುವನ್ನೆತ್ತಿಕೊಂಡು ಮುಂದೆ ಬರುತ್ತಾರೆ. ಸಭಾಪಾಲಕರು ಮಗುವನ್ನು ಎಡಗೈಯ ಮೇಲೆ ಮಲಗಿಸಿಕೊಂಡು, ಹೆಸರು ಹಿಡಿದು ಕರೆದು, ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ಹೆಸರುಗಳಲ್ಲಿ ತಲೆಯ ಮೇಲೆ ನೀರು ಹಾಕುತ್ತಾರೆ. ಮಗು ಚಿಟ್ಟನೆ ಚೀರುತ್ತದೆ. ಹಿಂದಿನ ಬೆಂಚಿನ ಮುದುಕಿಯರು ನಗುತ್ತಾರೆ. ಆಮೇಲೆ ಸಭೆಯವರೆಲ್ಲ ಎದ್ದು ನಿಂತು, ಈ ಮಗುವನ್ನು ನಂಬಿಕೆಯಲ್ಲಿ ಬೆಳೆಸಲು ನಾವೂ ಹೊಣೆ ಎಂದು ಮಾತು ಕೊಡುತ್ತಾರೆ. ನನಗೆ ಬಹಳ ಇಷ್ಟವಾದ ಭಾಗ ಅದು. ಮಗು ಏನನ್ನೂ ಕೇಳಿರುವುದಿಲ್ಲ. ಅದಕ್ಕೆ ತಿಳಿಯದಂತೆಯೇ ಇಷ್ಟು ಜನ ಅದರ ಹೊಣೆ ಹೊತ್ತುಬಿಡುತ್ತಾರೆ. ಸಭಾಪಾಲಕ ಎಂಬ ಹುದ್ದೆಯ ಕೆಲಸ ಶುರುವಾಗುವುದೇ ಅಲ್ಲಿಂದ. ಆ ದಿನದಿಂದ ಆ ಮಗುವಿನ ಜ್ವರ, ಪರೀಕ್ಷೆ, ಮದುವೆ, ಮರಣ ಎಲ್ಲವೂ ಅವರ ಲೆಕ್ಕಕ್ಕೆ ಸೇರುತ್ತವೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಾಗ ಈ ಹೊಣೆ ಬರಿಯ ಮಾತಿನದಾಗಿರಲಿಲ್ಲ. ದೀಕ್ಷೆ ಪಡೆದವನನ್ನು ಮನೆಯವರು ಹೊರಗೆ ಹಾಕುತ್ತಿದ್ದರು, ಕುಲಕಸುಬು ಕೈಬಿಡುತ್ತಿತ್ತು. ತಲೆಗೆ ನೀರು ಹಾಕಿದವರೇ ತಲೆಯ ಮೇಲೊಂದು ಸೂರನ್ನೂ ಕೈಗೊಂದು ಕೆಲಸವನ್ನೂ ಹುಡುಕಬೇಕಾಯಿತು. ಮಂಗಳೂರಿನ ಹೆಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗಗಳ ಹಿಂದೆ ಆ ಚಿಂತೆಯೂ ಇತ್ತು. ನಮ್ಮ ಮುತ್ತಜ್ಜನ ಕಾಲದ ಮಾತು, ಇರಲಿ. ನಾನು ಹೇಳಹೊರಟದ್ದು ಹೊಣೆ ಹೊರಲು ಒಂದು ದಿನವೂ ಅವಕಾಶ ಕೊಡದ ಮಗುವಿನ ಸಂಗತಿ.

1996ರ ಜನವರಿ. ನನ್ನ ತಂಗಿಯ ಚೊಚ್ಚಲ ಹೆರಿಗೆ. ಅವಳ ಗಂಡನ ಊರು ಹಳ್ಳಿ. ರಾತ್ರಿ ಬೇನೆ ಶುರುವಾದಾಗ ಬಾಡಿಗೆ ಟ್ರ್ಯಾಕ್ಸಿನವನನ್ನು ಎಬ್ಬಿಸಿ ಕರೆತರಲು ಅವನಿಗೆ ಅರ್ಧ ತಾಸಿನ ಮೇಲೆ ಹಿಡಿಯಿತು. ನಾನೂ ಅವ್ವನೂ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದೆವು. ಒಳಗೆ ಕರೆದೊಯ್ದ ಮೇಲೆ ನರ್ಸು ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಜಾಗ ಬದಲಿಸಿ ಮತ್ತೆ ಆಲಿಸಿದರು. ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದರು. ಬೆಳಗಿನ ಜಾವ ಮಗು ಹುಟ್ಟಿತು. ಗಂಡು. ಅಳಲಿಲ್ಲ. ಅಳುವ ಹಾಗೆ ಮಾಡಲು ಯಾರೂ ಯತ್ನಿಸಲೂ ಇಲ್ಲ. ಮಗುವಿನ ಮೈಮೇಲಿನ ಚರ್ಮ ನೋಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನೇನೇ ಹೋಗಿರಬೇಕ್ರೀ ಇದು. ಇವತ್ತು ಯಾರೂ ಏನೂ ಮಾಡೋ ಹಂಗಿರಲಿಲ್ಲ" ಎಂದು ಹೇಳಿ ಮತ್ತೊಂದು ಹೆರಿಗೆಗೆ ಹೋದರು.

ಹೊರಗೆ ಅವ್ವ ಬಾಗಿಲು ಬಡಿಯುತ್ತಿದ್ದಳು. ಮೊಮ್ಮಗನನ್ನು ಉಳಿಸಿ ಎಂದು ಕೇಳುತ್ತಿರಲಿಲ್ಲ. "ನೀರರ ಹಾಕ್ರೆವ್ವಾ, ಕೂಸಿಗೆ ನೀರರ ಹಾಕ್ರೀ" ಎನ್ನುತ್ತಿದ್ದಳು. ನರ್ಸು ನಮ್ಮ ಸಭೆಯವರೇ, ಐವತ್ತು ದಾಟಿದವರು. ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಪಕ್ಕದಲ್ಲಿದ್ದ ಬೋಗುಣಿಗೆ ಕೈಯದ್ದಿ ಒಂದು ಬೊಗಸೆ ನೀರು ತೆಗೆದುಕೊಂಡು ಮಗುವಿನ ನೆತ್ತಿಯ ಮೇಲೆ ಬಿಟ್ಟರು. ಮೂರು ಹೆಸರುಗಳನ್ನೂ ಹೇಳಿದರು. ಬಾಗಿಲು ತೆರೆದು ಅವ್ವನ ಕೈ ಹಿಡಿದುಕೊಂಡು, "ಸಣ್ಣಗ ಉಸಿರಿತ್ರೀ ಅವ್ವಾರ. ಇದ್ದಾಗನ ಹಾಕೀನಿ" ಅಂದರು. ಮಂಚದ ಮೇಲಿನ ತಂಗಿ ಇತ್ತ ಹೊರಳಿ ನೋಡಿದಳು. ಆ ಮಾತು ಅವಳಿಗೂ ಕೇಳಿಸಿತ್ತು.

ನೀರು ಯಾಕೆ ಅಷ್ಟು ದೊಡ್ಡದು ಎಂದು ಇದನ್ನು ಓದುವ ಅಕ್ಕತಂಗಿಯರು ಕೇಳಬಹುದು. ಯೋಹಾನನ ಸುವಾರ್ತೆಯಲ್ಲಿ ಯೇಸು ನಿಕೊದೇಮನೆಂಬ ಪಂಡಿತನಿಗೆ, ಮನುಷ್ಯ ನೀರಿನಿಂದಲೂ ಆತ್ಮದಿಂದಲೂ ಹೊಸದಾಗಿ ಹುಟ್ಟಬೇಕು ಎಂಬರ್ಥದ ಮಾತು ಹೇಳುತ್ತಾನೆ. ಹಾಗಾದರೆ ನೀರು ಬೀಳುವ ಮೊದಲೇ ಸತ್ತ ಹಸುಗೂಸಿನ ಗತಿ ಏನು? ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ ಇದಕ್ಕೆ ಕಠಿಣವಾದ ಉತ್ತರ ಕೊಟ್ಟ. ಆ ಕೂಸುಗಳಿಗೂ ಶಿಕ್ಷೆಯುಂಟು, ಆದರೆ ಎಲ್ಲಕ್ಕಿಂತ ಹಗುರಾದದ್ದು ಎಂದ. ಮಧ್ಯಯುಗದ ಪಂಡಿತರು ಅದನ್ನು ಇನ್ನಷ್ಟು ಮೆತ್ತಗೆ ಮಾಡಿ, ನೋವೂ ಇಲ್ಲದ ದೇವರ ದರ್ಶನವೂ ಇಲ್ಲದ ಒಂದು ಎಡೆಯನ್ನು ಕಲ್ಪಿಸಿದರು. ಅದಕ್ಕೆ ಲಿಂಬೋ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಅಂಚು ಎಂದರ್ಥ. ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಕಿಟಕಿಯ ಹೊರಗೆ ನಿಂತು ಪಾಠ ಕೇಳುವುದನ್ನು ನಾನು ನೋಡಿದ್ದೇನೆ. ಲಿಂಬೋ ಎಂದಾಗಲೆಲ್ಲ ನನಗೆ ಆ ಕಿಟಕಿ ನೆನಪಾಗುತ್ತದೆ.

ಪಂಡಿತರ ಮಾತು ಪುಸ್ತಕದಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಅದು ಬಾಣಂತಿಯ ಕೋಣೆಗೆ ಬಂತು. ಐರ್ಲೆಂಡಿನಲ್ಲಿ ನೀರು ಬೀಳದ ಕೂಸುಗಳನ್ನು ಚರ್ಚಿನ ಸ್ಮಶಾನದಲ್ಲಿ ಹೂಳಲು ಬಿಡದೆ, ಹೊಲದ ಮೂಲೆಯಲ್ಲೋ ಹಾಳುಗುಡಿಯ ಬಳಿಯಲ್ಲೋ ಬೇರೆ ಜಾಗಗಳಲ್ಲಿ ಮಣ್ಣುಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದವರೆಗೂ ಇದು ನಡೆದಿತ್ತು. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದಲ್ಲಿ ಒಬರ್‌ಬ್ಯೂರೆನ್ ಎಂಬಲ್ಲಿ ಹದಿನೈದನೆಯ ಶತಮಾನದಲ್ಲಿ ಮರಿಯಮ್ಮನ ಒಂದು ಯಾತ್ರಾಸ್ಥಳವಿತ್ತು. ನಮ್ಮ ಊರುಗಳಿಗೆ ಮಿಷನರಿಗಳನ್ನು ಕಳಿಸಿದ ಬಾಸೆಲ್ ಪಟ್ಟಣದಿಂದ ಅದು ಬಹಳ ದೂರವೇನಲ್ಲ. ಸತ್ತು ಹುಟ್ಟಿದ ಕೂಸುಗಳನ್ನು ಎಷ್ಟೆಷ್ಟೋ ದೂರದಿಂದ ಅಲ್ಲಿಗೆ ಹೊತ್ತು ತರುತ್ತಿದ್ದರು. ಅಲ್ಲಿಯ ಹೆಂಗಸರು ಕೂಸನ್ನು ಕೆಂಡ ಮತ್ತು ಉರಿಯುವ ಮೇಣದ ಬತ್ತಿಗಳ ನಡುವೆ ಇಟ್ಟು ಕಾಯಿಸುತ್ತಿದ್ದರು. ತುಟಿಯ ಮೇಲೆ ಒಂದು ಪುಕ್ಕ ಇಡುತ್ತಿದ್ದರು. ಬಿಸಿಗಾಳಿಗೋ ಏನೋ ಪುಕ್ಕ ಅಲುಗಾಡಿತೆಂದರೆ, ಉಸಿರು ಬಂತು ಎಂದು ಕೂಗಿ ಆ ಕ್ಷಣವೇ ದೀಕ್ಷಾಸ್ನಾನ ಕೊಟ್ಟು, ಪವಿತ್ರ ನೆಲದಲ್ಲಿ ಹೂಳುತ್ತಿದ್ದರು. ಎರಡು ಸಾವಿರಕ್ಕೂ ಹೆಚ್ಚು ಕೂಸುಗಳಿಗೆ ಹೀಗೆ ಮಾಡಿದ್ದಾರೆಂದು ಅಲ್ಲಿಯ ಬಿಷಪ್ಪರು ರೋಮಿಗೆ ದೂರು ಬರೆದರು. 1528ರಲ್ಲಿ ಬರ್ನ್ ಮತಸುಧಾರಣೆಗೆ ಸೇರಿದಾಗ ಆ ಸ್ಥಳವನ್ನು ಮುಚ್ಚಿಸಿದರು. 1990ರ ದಶಕದಲ್ಲಿ ಅಲ್ಲಿ ಅಗೆದು ನೋಡಿದವರಿಗೆ ಸುಮಾರು 250 ಹಸುಗೂಸುಗಳ ಎಲುಬು ಸಿಕ್ಕಿದವು.

ಈ ಪುಕ್ಕದ ಸಂಗತಿಯನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ನಮ್ಮ ನರ್ಸು ಪುಕ್ಕವಿಲ್ಲದೆಯೇ ಅದನ್ನೇ ಮಾಡಿದ್ದರು.

ಅವರನ್ನು ನಾನು ಬೈಯುವುದಿಲ್ಲ. ಅವರ ಎದುರಿಗೆ ಬಾಗಿಲು ಬಡಿಯುವ ಒಬ್ಬ ಮುದುಕಿ ಇದ್ದಳು. ಯೋಚಿಸಲು ವೇಳೆ ಇರಲಿಲ್ಲ. ನನಗೆ ಇತ್ತು. ಬೆಳಿಗ್ಗೆ ಎಂಟು ಗಂಟೆಗೆ ಸಭಾಪಾಲಕರು ಬಂದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನನ್ನು ಕಂಡು, "ಕೂಸಿಗೆ ಜೀವ ಇತ್ತೇನಮ್ಮಾ? ರಿಜಿಸ್ಟರಿನಲ್ಲಿ ಬರೀಬೇಕು" ಎಂದು ಕೇಳಿದರು. ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಹಾಗೇ ಇತ್ತು. "ಇತ್ತು, ಸ್ವಲ್ಪ ಹೊತ್ತು" ಎಂದೆ. ಹೆಸರು ಕೇಳಿದರು. ಅವ್ವ ಅಪ್ಪನ ಹೆಸರು ಹೇಳಿದಳು. ಬರೆದುಕೊಂಡರು. ಒಳಗೆ ಹೋಗಿ ತಂಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, "ದೀಕ್ಷಾಸ್ನಾನ ಆಗಿದೆಯಲ್ಲಮ್ಮ, ಇನ್ನು ಚಿಂತೆ ಬೇಡ" ಎಂದರು. ಮಧ್ಯಾಹ್ನ ಮಣ್ಣು ಮಾಡಿದೆವು. ಆಮೇಲೆ ಅವರು ತಂಗಿಯ ಮನೆಗೆ ಒಂದು ಸಲವೋ ಎರಡು ಸಲವೋ ಬಂದಿರಬೇಕು.

ನನಗೆ ಈಗ ಅನ್ನಿಸುವುದು ಇದು. ಆ ನೀರು ಎಲ್ಲರ ಕೆಲಸವನ್ನೂ ಹಗುರ ಮಾಡಿಬಿಟ್ಟಿತು. ನೀರು ಬಿದ್ದಿರದಿದ್ದರೆ ಸಭಾಪಾಲಕರು ಕುರ್ಚಿ ಎಳೆದುಕೊಂಡು ಕೂರಬೇಕಾಗುತ್ತಿತ್ತು. ದೇವರು ನೀರಿಗೆ ಕಟ್ಟುಬಿದ್ದವನಲ್ಲ ಎಂದು ಹೇಳಬೇಕಾಗುತ್ತಿತ್ತು. ಅವಳು ನಂಬುವುದಿಲ್ಲ, ಮತ್ತೊಂದು ದಿನ ಬಂದು ಮತ್ತೆ ಹೇಳಬೇಕಾಗುತ್ತಿತ್ತು. ಬಾಣಂತಿತನ ಮುಗಿಯುವವರೆಗೂ ಬರಬೇಕಾಗುತ್ತಿತ್ತೋ ಏನೋ. ಸಭೆಯ ಹೊಣೆಗೆ ಮೊದಲ ಹೆಜ್ಜೆಯಾಗಬೇಕಾದ ಸಂಸ್ಕಾರ ನಮ್ಮ ಮನೆಯಲ್ಲಿ ಹೊಣೆ ಕಳೆದುಕೊಳ್ಳುವ ದಾರಿಯಾಯಿತು. ಸಭಾಪಾಲಕರು ಕೆಟ್ಟವರಲ್ಲ. ಅವರಿಗೆ ಹಾಗೆ ನಡೆದುಕೊಳ್ಳಲು ಅನುಕೂಲ ಮಾಡಿಕೊಟ್ಟವಳು ನಾನು.

ನೀರಿಲ್ಲದೆ, ಸುಳ್ಳೂ ಇಲ್ಲದೆ ಸಮಾಧಾನ ಹೇಳಿದವರು ಇಲ್ಲವೆಂದಲ್ಲ. 392ರಲ್ಲಿ ರೋಮಿನ ಚಕ್ರವರ್ತಿ ಎರಡನೆಯ ವ್ಯಾಲೆಂಟೀನಿಯನ್, ಇಪ್ಪತ್ತರ ಹರೆಯದವನು, ಗಾಲ್ ದೇಶದಲ್ಲಿ ಸತ್ತುಬಿದ್ದಿದ್ದ. ಆಗೆಲ್ಲ ದೀಕ್ಷಾಸ್ನಾನವನ್ನು ಮುಂದೂಡುವ ರೂಢಿ ಇತ್ತು. ತನಗೆ ದೀಕ್ಷೆ ಕೊಡಲು ಬನ್ನಿ ಎಂದು ಅವನು ಮಿಲಾನಿನ ಬಿಷಪ್ ಆಂಬ್ರೋಸರಿಗೆ ಹೇಳಿಕಳಿಸಿದ್ದ. ಅವರು ತಲುಪುವ ಮೊದಲೇ ಪ್ರಾಣ ಹೋಗಿತ್ತು. ಯುಸ್ತಾ, ಗ್ರಾತಾ ಎಂಬ ಅವನ ಇಬ್ಬರು ಸೋದರಿಯರಿಗೆ ಅಣ್ಣತಮ್ಮನ ಸಾವಿಗಿಂತ ಅವನು ನೀರಿಲ್ಲದೆ ಹೋದನಲ್ಲ ಎಂಬುದೇ ದೊಡ್ಡ ಸಂಕಟ. ಆಂಬ್ರೋಸರು ಅಂತ್ಯಕ್ರಿಯೆಯ ದಿನ ಆ ಇಬ್ಬರು ಹೆಂಗಸರನ್ನು ಕುರಿತು ಮಾತನಾಡಿದರು. ಯಾರೋ ಗುಟ್ಟಾಗಿ ನೀರು ಹಾಕಿದ್ದರು ಎಂಬ ಕಥೆ ಕಟ್ಟಲಿಲ್ಲ. ಅವನು ಬೇಡಿದ್ದನಲ್ಲ, ಬೇಡಿದ್ದು ಅವನಿಗೆ ಸಿಕ್ಕಿದೆ ಎಂದರು. ರಕ್ತ ಸುರಿಸಿದ ಹುತಾತ್ಮರನ್ನು ಅವರ ರಕ್ತವೇ ತೊಳೆಯುವುದಾದರೆ ಇವನನ್ನು ಇವನ ಭಕ್ತಿ, ಇವನ ಆಸೆ ತೊಳೆದಿದೆ ಎಂಬುದು ಅವರ ವಾದ. ತಮಾಷೆಯೆಂದರೆ, 387ರಲ್ಲಿ ಅಗಸ್ಟೀನನಿಗೆ ದೀಕ್ಷಾಸ್ನಾನ ಕೊಟ್ಟವರೂ ಈ ಆಂಬ್ರೋಸರೇ. ಗುರುವಿನ ಮೆತ್ತಗಿನ ಮಾತು ಹಿಂದೆ ಉಳಿದು ಶಿಷ್ಯನ ಗಟ್ಟಿ ಮಾತೇ ಶತಮಾನಗಳ ಕಾಲ ನಡೆಯಿತು.

ಕೂಸು ಬೇಡಲಾರದು ನಿಜ. ಅದಕ್ಕೆ ಮಾರ್ಟಿನ್ ಲೂಥರ್ ಉತ್ತರ ಕೊಟ್ಟಿದ್ದಾನೆ. ಗರ್ಭ ಇಳಿದ, ಸತ್ತ ಕೂಸು ಹೆತ್ತ ತಾಯಂದಿರ ಸಮಾಧಾನಕ್ಕೆಂದೇ 1542ರಲ್ಲಿ ಅವನು ಒಂದು ಸಣ್ಣ ಬರಹ ಬರೆದ. ತಾಯಿಯ ಒಡಲೊಳಗಿನ ಹಂಬಲವೇ, ಅವಳ ಮಾತಾಗದ ನಿಟ್ಟುಸಿರೇ ದೇವರ ಮುಂದೆ ಪ್ರಾರ್ಥನೆ, ಅದನ್ನು ಅವನು ಕೇಳಿಸಿಕೊಂಡಿದ್ದಾನೆ ಎಂಬುದು ಅದರ ಸಾರ. ಅವನೂ ಕೂಸು ಕಳೆದುಕೊಂಡ ತಂದೆಯೇ. ಜಿನೀವಾದ ಕಾಲ್ವಿನ್ ಇನ್ನೂ ಮುಂದೆ ಹೋಗಿ, ಭಕ್ತರ ಮಕ್ಕಳು ಹುಟ್ಟುವಾಗಲೇ ದೇವರ ಒಡಂಬಡಿಕೆಯೊಳಗೆ ಇರುತ್ತಾರೆ, ಸೂಲಗಿತ್ತಿಯರು ಗಾಬರಿಯಲ್ಲಿ ನೀರು ಹಾಕುವ ಅಗತ್ಯವಿಲ್ಲ ಎಂದ. ಹೆಂಗಸರು ನೀರು ಹಾಕಬಾರದು ಎಂಬುದನ್ನೂ ಅದರ ಜೊತೆಗೇ ಸೇರಿಸಿದ. ಅಷ್ಟು ಒಳ್ಳೆಯ ಮಾತಿನ ಬಾಲಕ್ಕೆ ಇದನ್ನು ಕಟ್ಟಬೇಕಿತ್ತೇ?

ಈ ವಿಷಯದಲ್ಲಿ ಕಥೋಲಿಕರು ಹೆಚ್ಚು ಉದಾರಿಗಳು. ಪ್ರಾಣಾಪಾಯವಿದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಕ್ರೈಸ್ತರಲ್ಲದವರೂ ಕೊಡಬಹುದು, ಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಉದ್ದೇಶವಿದ್ದರೆ ಸಾಕು ಎಂಬುದು ಅವರ ಹಳೆಯ ನಿಯಮ. 1983ರ ಧರ್ಮಸಂಹಿತೆಯಲ್ಲೂ ಇದೆ. ಅವರಲ್ಲಿ ಇನ್ನೊಂದು ರೂಢಿಯೂ ಇತ್ತು. ಕೂಸಿಗೆ ಜೀವವಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ, ನೀರು ಹಾಕುವ ಮೊದಲು 'ನೀನು ಬದುಕಿದ್ದರೆ' ಎಂದು ಹೇಳಿಕೊಳ್ಳುವುದು. ಎಷ್ಟು ಪ್ರಾಮಾಣಿಕವಾದ 'ಆದರೆ-ಹೋದರೆ' ಅದು! ನಮ್ಮ ನರ್ಸು ಅದೊಂದು ಶಬ್ದ ಹೇಳಿದ್ದರೆ, ಅಥವಾ ಮೊಗಸಾಲೆಯಲ್ಲಿ ನಾನು ಅದೊಂದು ಶಬ್ದ ಹೇಳಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ನನಗೆ ಅನುಮಾನವಿರಲಿಲ್ಲವಲ್ಲ.

ಲಿಂಬೋದ ಹೆದರಿಕೆಯನ್ನು ರೋಮಿನವರೂ ಈಚೆಗೆ ಇಳಿಸಿದ್ದಾರೆ. 1992ರ ಅವರ ಧರ್ಮೋಪದೇಶದ ಗ್ರಂಥ ಅಂಥ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ಅವರ ದೇವಶಾಸ್ತ್ರಜ್ಞರ ಮಂಡಳಿಯೊಂದು ಪೋಪರ ಅನುಮತಿಯಿಂದ ಪ್ರಕಟಿಸಿದ ಬರಹದಲ್ಲಿ, ಆ ಕೂಸುಗಳು ರಕ್ಷಣೆ ಹೊಂದುತ್ತವೆಂದು ನಂಬಿ ಕಾಯಲು ಗಟ್ಟಿ ಆಧಾರಗಳಿವೆ ಎಂದಿದೆ. ಖಚಿತವಾಗಿ ಬಲ್ಲೆವು ಎಂದು ಹೇಳಿಲ್ಲ. ಇಂಥ ಮಾತಿನಲ್ಲಿ ಖಚಿತ ಎನ್ನುವವರಿಗಿಂತ ಹೀಗೆ ತಡೆದು ಮಾತಾಡುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ನಮ್ಮದು ಪ್ರಾಟೆಸ್ಟಂಟ್ ಸಭೆ. ನಮ್ಮಲ್ಲಿ ಲಿಂಬೋ ಎಂದೂ ಇರಲಿಲ್ಲ. ಆದರೂ ಅವ್ವ ಬಾಗಿಲು ಬಡಿದಳು. ಹೆತ್ತವರ ಹೆದರಿಕೆ ಸಭೆಯ ಬೋರ್ಡು ನೋಡಿ ಬರುವುದಿಲ್ಲ.

ಇನ್ನು ಆ ಸುಳ್ಳಿನ ಬೆಲೆ. ಇದು ನನಗೆ ತಿಳಿದದ್ದು ವರ್ಷಗಟ್ಟಲೆ ತಡವಾಗಿ. ಉಸಿರಿತ್ತು ಎಂದರೆ ಕೂಸು ಸ್ವರ್ಗಕ್ಕೆ ಹೋಯಿತು ಎಂದು ಅವ್ವನ ಲೆಕ್ಕ. ತಂಗಿಯ ಲೆಕ್ಕವೇ ಬೇರೆ. ಉಸಿರಿತ್ತು ಎಂದರೆ ಉಳಿಯಬಹುದಿತ್ತು. ಅರ್ಧ ತಾಸು ಮೊದಲು ಬಂದಿದ್ದರೆ ಉಳಿಯುತ್ತಿತ್ತು. ಅರ್ಧ ತಾಸು ತಡಮಾಡಿದವನು ಗಂಡ. ಅವಳು ಬಾಯಿಬಿಟ್ಟು ಜಗಳವಾಡುವ ಹೆಂಗಸಲ್ಲ. ಮುಂದೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು, ಸಂಸಾರ ನಡೆಯಿತು. ಆದರೆ ಎಲ್ಲಿಗಾದರೂ ಹೊರಡಲು ಅವನು ಐದು ನಿಮಿಷ ತಡಮಾಡಿದರೆ ಸಾಕು, ಅವಳ ಮುಖ ಕಲ್ಲಾಗುತ್ತಿತ್ತು. "ನಿಮಗ ಹೊತ್ತಿನ ಕಿಮ್ಮತ್ತು ಗೊತ್ತಿಲ್ಲ" ಎಂಬ ಒಂದೇ ಮಾತು. ಅವನು ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ. ಅವನೂ ಅದನ್ನು ನಂಬಿದ್ದ. ಹಿಂದಿನ ದಿನವೇ ಹೋಗಿತ್ತು ಎಂದು ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ. ಅದನ್ನು ಹೇಳಿದರೆ ಉಸಿರಿತ್ತು ಎಂದದ್ದು ಸುಳ್ಳಾಗುತ್ತದೆ, ನೀರೂ ಸುಳ್ಳಾಗುತ್ತದೆ. ಅವ್ವ ಇರುವವರೆಗೆ ಬೇಡ ಎಂದು ಸುಮ್ಮನಿದ್ದೆ. ಅವ್ವ ಹೋದ ಮೇಲೂ ಸುಮ್ಮನಿದ್ದೆ. 2017ರಲ್ಲಿ ತಂಗಿಯ ಗಂಡ ಹೃದಯಾಘಾತದಿಂದ ತೀರಿಕೊಂಡ.

ಆ ನಡುವೆ ಒಮ್ಮೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಸತ್ತ ಕೂಸು ಹುಟ್ಟಿದಾಗ ನಾನು ಹೋಗಿದ್ದೆ. ಅಷ್ಟು ಹೊತ್ತಿಗೆ ನಮ್ಮ ಸಭೆಗಳಲ್ಲಿ ಹೆಂಗಸರೂ ಸಭಾಪಾಲಕರಾಗಿದ್ದರು. ಅಲ್ಲಿಗೆ ಬಂದಿದ್ದವರು ಹರೆಯದ ಹೆಣ್ಣುಮಗಳು. ಹುಡುಗಿಯ ಅತ್ತೆ ನೀರು ಹಾಕಿ ಎಂದು ಕಾಲು ಹಿಡಿದರು. ಆಕೆ ನೀರು ಮುಟ್ಟಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡು, "ಏನ್ ಹೆಸರಿಡಬೇಕಂತ ಇದ್ರಿ?" ಎಂದು ತಾಯಿಯನ್ನು ಕೇಳಿದರು. ಹೆಸರು ಕೇಳಿದ ಮೇಲೆ ಪ್ರಾರ್ಥನೆಯ ಉದ್ದಕ್ಕೂ ಕೂಸನ್ನು ಆ ಹೆಸರಿನಿಂದಲೇ ಕರೆದರು. ಸಮಾಧಿಯ ರಿಜಿಸ್ಟರಿನಲ್ಲೂ ಆ ಹೆಸರನ್ನೇ ಬರೆದರು. ಒಂದು ಗಂಟೆಗೂ ಹೆಚ್ಚು ಹೊತ್ತು ಕೂಸು ಅವರ ಮಡಿಲಲ್ಲೇ ಇತ್ತು. ಅತ್ತೆಗೆ ಸಮಾಧಾನವಾಗಲಿಲ್ಲ. ಸಿಟ್ಟಿನಿಂದಲೇ ಎದ್ದು ಹೋದರು. ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ಆ ಸಭಾಪಾಲಕಿ ಬಸ್ಸು ಹಿಡಿದು ಆ ಮನೆಗೆ ಹೋದರೆಂದು ಆಮೇಲೆ ಕೇಳಿದೆ.

2023ರಲ್ಲಿ ತಂಗಿಯ ಮಗಳು ಬಸುರಿಯಾದಳು. ದಿನ ತುಂಬಲು ಹತ್ತು ದಿನವಿರುವಾಗಲೇ ಆಸ್ಪತ್ರೆಗೆ ಸೇರಿಸಬೇಕೆಂದು ತಂಗಿ ಹಟ ಹಿಡಿದಳು. ಅಳಿಯನೊಡನೆ ಮಾತಿಗೆ ಮಾತು ಬೆಳೆಯಿತು. "ಇವರ ಮಾವನೂ ಹಿಂಗ ಮಾಡಿದ್ರು. ಉಸಿರಿತ್ತು ನನ್ನ ಕೂಸಿಗೆ" ಎಂದು ಎಲ್ಲರೆದುರು ಕೂಗಿದಳು. ಆ ರಾತ್ರಿ ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತು, "ಅಕ್ಕಾ, ನೀ ಅಲ್ಲೇ ಇದ್ದಿ. ಎಷ್ಟೊತ್ತಿತ್ತು ಉಸಿರು?" ಎಂದು ಕೇಳಿದಳು.

ಹೇಳಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಸತ್ಯ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ಅವಳು ಮೊದಲು ಹೇಳಿದ್ದು, "ಅವರು ಹೋಗೂತನಕ ಯಾಕ ಬಾಯಿ ಮುಚ್ಚಿಕೊಂಡಿದ್ದಿ?" ಎಂದು. ನನ್ನ ಹತ್ತಿರ ಉತ್ತರವಿರಲಿಲ್ಲ. ಬಹಳ ಹೊತ್ತಿನ ಮೇಲೆ, "ಒಂದಿನಾ ಪೂರಾ ನನ್ನ ಹೊಟ್ಟ್ಯಾಗ ಹಂಗ ಇತ್ತಲ್ಲ, ನನಗ ತಿಳೀಲಿಲ್ಲಲ್ಲ" ಎಂದು ಅತ್ತಳು. ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಚರ್ಚಿನ ರಿಜಿಸ್ಟರಿನಲ್ಲಿ ನನ್ನ ಮಾತಿನ ಮೇಲೆ ಬರೆದ ಆ ಸಾಲು ಈಗಲೂ ಇದೆ. ಅದನ್ನು ತಿದ್ದಿಸಲು ಹೋಗಬೇಕೇ ಎಂದು ನನಗಿನ್ನೂ ತೀರ್ಮಾನಿಸಲಾಗಿಲ್ಲ.

ಮೊಮ್ಮಗಳು ಹುಟ್ಟಿ, ಬಾಣಂತಿಯನ್ನು ಮನೆಗೆ ಕರೆತಂದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಕೂಸಿನ ಸ್ನಾನಕ್ಕೆ ನೀರು ಹದ ಮಾಡುತ್ತಿದ್ದೆವು. ತಂಗಿ ಮೊಣಕೈ ಅದ್ದಿ ನೋಡುತ್ತಾ, ನನ್ನ ಕಡೆ ತಿರುಗದೆ, "ನೀರು ಹಾಕಿದ್ದು ಖರೇನ ಹೌದಲ್ಲ?" ಎಂದಳು.

"ಖರೆ. ನಾನ ನೋಡೀನಿ."

"ಚಳಿಗಾಲ ಅದು. ತಣ್ಣಗಿತ್ತೇನು?"

ನೆನಪು ಮಾಡಿಕೊಂಡೆ. ಕೂಸು ಹುಟ್ಟಿದರೆ ಮೈ ಒರೆಸಲೆಂದು ಆಯಾ ಕಾಯಿಸಿ ತಂದಿಟ್ಟಿದ್ದ ಬೋಗುಣಿ ಅದು. ಅಂಚಿನಿಂದ ಸಣ್ಣಗೆ ಹಬೆ ಏಳುತ್ತಿತ್ತು.

"ಇಲ್ಲ, ಬೆಚ್ಚಗಿತ್ತು" ಎಂದೆ.